ಒಂದೇ ಹಾಡನ್ನು ದಿನಕ್ಕೆ ಐವತ್ತು ಸಲ

1890ರ ದಶಕದ ನ್ಯೂಯಾರ್ಕ್. ಒಂದು ಸಣ್ಣ ಕೋಣೆ. ಮೂರೋ ನಾಲ್ಕೋ ಯಂತ್ರಗಳು, ಒಂದೊಂದಕ್ಕೂ ಒಂದು ತಗಡಿನ ಕಹಳೆ, ಎಲ್ಲ ಕಹಳೆಗಳ ಬಾಯಿಯೂ ಒಬ್ಬನ ಮುಖದ ಕಡೆಗೆ ತಿರುಗಿವೆ. ಅವನ ಹೆಸರು ಜಾರ್ಜ್ ಡಬ್ಲ್ಯು. ಜಾನ್ಸನ್. ವರ್ಜೀನಿಯಾದಲ್ಲಿ ಗುಲಾಮನಾಗಿ ಹುಟ್ಟಿದವನು, ಆಮೇಲೆ ನ್ಯೂಯಾರ್ಕಿನ ದೋಣಿಕಟ್ಟೆಗಳಲ್ಲಿ ಸಿಳ್ಳೆ ಹಾಕಿ, ಹಾಡಿ, ಚಿಲ್ಲರೆ ಕಾಸು ಸಂಪಾದಿಸುತ್ತಿದ್ದವನು. ಈಗ ಅವನು ಎರಡು ನಿಮಿಷದ ಒಂದು ಹಾಡು ಹಾಡುತ್ತಾನೆ, ನಡುನಡುವೆ ತಾಳಕ್ಕೆ ಸರಿಯಾಗಿ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ಹಾಡು ಮುಗಿಯುತ್ತದೆ. ಹುಡುಗರು ಬಂದು ಯಂತ್ರಗಳಲ್ಲಿದ್ದ ಮೇಣದ ಉರುಳೆಗಳನ್ನು ತೆಗೆದು ಹೊಸದನ್ನು ಹಾಕುತ್ತಾರೆ. ಅವನು ಮತ್ತೆ ಅದೇ ಹಾಡು ಹಾಡುತ್ತಾನೆ. ಅದೇ ನಗು. ಮತ್ತೆ. ದಿನಕ್ಕೆ ಐವತ್ತು ಸಲ, ಕೆಲವೊಮ್ಮೆ ಇನ್ನೂ ಜಾಸ್ತಿ. ಸಲಕ್ಕೆ 20 ಸೆಂಟು ಕೂಲಿ.

ಇದನ್ನು ಮೊದಲು ಓದಿದಾಗ ನನಗೆ ತಲೆಬುಡ ತಿಳಿಯಲಿಲ್ಲ. ರೆಕಾರ್ಡ್ ಮಾಡಿಕೊಂಡ ಮೇಲೆ ಮತ್ತೆ ಯಾಕೆ ಹಾಡಬೇಕು? ಅದಕ್ಕೇ ಅಲ್ವಾ ರೆಕಾರ್ಡ್ ಮಾಡೋದು?

ಗೊಂದಲ ಎಲ್ಲಿದೆ ಅಂದರೆ, ನಾವು ರೆಕಾರ್ಡಿಂಗ್ ಅಂದ ಕೂಡಲೇ ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಅಂದುಕೊಂಡುಬಿಡುತ್ತೇವೆ. ದನಿಯನ್ನು ಹಿಡಿದಿಡುವುದು ಒಂದು ಕೆಲಸ. ಹಿಡಿದಿಟ್ಟದ್ದಕ್ಕೆ ಪ್ರತಿ ತೆಗೆಯುವುದು ಇನ್ನೊಂದು. ಮೊದಲನೆಯದು 1877ರಲ್ಲೇ ಆಗಿಹೋಯಿತು. ಎರಡನೆಯದು ಚೆನ್ನಾಗಿ ಕೈಗೆ ಹತ್ತುವುದಕ್ಕೆ ಇನ್ನೂ ಸುಮಾರು ಇಪ್ಪತ್ತು ವರ್ಷ ಬೇಕಾಯಿತು. ಆ ಇಪ್ಪತ್ತು ವರ್ಷ ಈ ವ್ಯಾಪಾರಕ್ಕೆ ಇಳಿದವರಿಗೆ ತಾವು ಏನು ಮಾರುತ್ತಿದ್ದೇವೆ ಅನ್ನುವುದೇ ಸರಿಯಾಗಿ ಗೊತ್ತಿರಲಿಲ್ಲ.

ಎಡಿಸನ್ನನ ಮೊದಲ ಯಂತ್ರ, ಅಂದರೆ ಫೋನೋಗ್ರಾಫ್, ತೀರಾ ಸರಳ. ನ್ಯೂಜೆರ್ಸಿಯ ಮೆನ್ಲೊ ಪಾರ್ಕಿನಲ್ಲಿದ್ದ ಅವನ ಕಾರ್ಯಾಗಾರದಲ್ಲಿ ಜಾನ್ ಕ್ರೂಸಿ ಎಂಬ ಕುಶಲಕರ್ಮಿ ಅದನ್ನು ಮಾಡಿಕೊಟ್ಟ. ಒಂದು ಹಿತ್ತಾಳೆ ಉರುಳೆ, ಅದರ ಸುತ್ತ ತವರದ ತೆಳು ಹಾಳೆ. ಎದುರಿಗೆ ಒಂದು ಪೊರೆ, ಪೊರೆಯ ಬೆನ್ನಿಗೆ ಒಂದು ಸಣ್ಣ ಮುಳ್ಳು. ಹಿಡಿ ತಿರುಗಿಸುತ್ತಾ ಜೋರಾಗಿ ಮಾತಾಡಿದರೆ ಪೊರೆ ನಡುಗುತ್ತದೆ, ಮುಳ್ಳು ಹಾಳೆಯ ಮೇಲೆ ಒಮ್ಮೆ ಆಳವಾಗಿ, ಒಮ್ಮೆ ಮೇಲುಮೇಲೆ ಒತ್ತುತ್ತಾ ಹೋಗುತ್ತದೆ. ಮತ್ತೆ ಮೊದಲಿಂದ ತಿರುಗಿಸಿದರೆ ಅದೇ ಹಳ್ಳದಿಣ್ಣೆಯ ಮೇಲೆ ಮುಳ್ಳು ಓಡಿ ಪೊರೆಯನ್ನು ನಡುಗಿಸುತ್ತದೆ, ಮಾತು ವಾಪಸ್ ಬರುತ್ತದೆ. ಕರೆಂಟಿಲ್ಲ, ಏನೂ ಇಲ್ಲ. ಆದರೆ ಆ ಹಾಳೆ ನಾಲ್ಕಾರು ಸಲ ಕೇಳುವಷ್ಟರಲ್ಲಿ ಸವೆದುಹೋಗುತ್ತಿತ್ತು, ಒಮ್ಮೆ ಬಿಚ್ಚಿ ತೆಗೆದರಂತೂ ಮುಗಿದೇಹೋಯಿತು. ಮಾರುವುದಕ್ಕೆ ಉಳಿದದ್ದು ಬೆರಗು ಒಂದೇ. ಟಿಕೆಟ್ ಇಟ್ಟು ಊರೂರಲ್ಲಿ ತೋರಿಸಿದರು. ಜಾತ್ರೆಯ ಮಾತಾಡುವ ಗಿಳಿಯ ಹಾಗೆ ಜನ ಒಂದು ಸಲ ನೋಡಿದರು, ಎರಡನೇ ಸಲ ಬರಲಿಲ್ಲ. ಎಡಿಸನ್ ವಿದ್ಯುತ್ ದೀಪದ ಹಿಂದೆ ಹೋದ.

1878ರಲ್ಲಿ ಅವನು ಒಂದು ಪತ್ರಿಕೆಯಲ್ಲಿ ಈ ಯಂತ್ರ ಏನೇನಕ್ಕೆ ಬರುತ್ತದೆ ಅಂತ ಪಟ್ಟಿ ಕೊಟ್ಟಿದ್ದ. ಮೊದಲನೆಯದು ಕಾಗದಪತ್ರ ಬರೆಸುವುದು. ಆಮೇಲೆ ಕಣ್ಣು ಕಾಣದವರಿಗೆ ಪುಸ್ತಕ, ಆಮೇಲೆ ಮಾತಿನ ಪಾಠ. ಸಂಗೀತ ಬಂದದ್ದು ನಾಲ್ಕನೆಯದಾಗಿ.

ಎಡಿಸನ್ ಬಿಟ್ಟುಹೋದ ಯಂತ್ರವನ್ನು ಎತ್ತಿಕೊಂಡವರು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್, ಅವನ ದೊಡ್ಡಪ್ಪನ ಮಗ ಚಿಚೆಸ್ಟರ್ ಬೆಲ್ ಮತ್ತು ಚಾರ್ಲ್ಸ್ ಟೇಂಟರ್. ತವರವನ್ನು ಒತ್ತುವ ಬದಲು ಮೇಣವನ್ನು ಕೊರೆದರೆ ದನಿ ಎಷ್ಟೋ ಚೊಕ್ಕವಾಗಿ ಬರುತ್ತದೆ ಅಂತ ಕಂಡುಕೊಂಡರು. ಗ್ರಾಫೊಫೋನ್ ಅಂತ ಹೆಸರಿಟ್ಟು 1886ರಲ್ಲಿ ಪೇಟೆಂಟ್ ಪಡೆದರು. ಎಡಿಸನ್ನನಿಗೆ ರೇಗಿತು. ಹಟಕ್ಕೆ ಬಿದ್ದವನಂತೆ ಕೂತು 1888ರಲ್ಲಿ ತಾನೂ ಗಟ್ಟಿ ಮೇಣದ ಉರುಳೆಯ ಹೊಸ ಯಂತ್ರ ತಂದ.

ಇಲ್ಲಿ ಜೆಸ್ಸಿ ಲಿಪಿನ್‌ಕಾಟ್ ಬರುತ್ತಾನೆ. ಪಿಟ್ಸ್‌ಬರ್ಗ್‌ನಲ್ಲಿ ಗಾಜಿನ ಲೋಟದ ವ್ಯಾಪಾರ ಮಾಡಿ ದುಡ್ಡು ಮಾಡಿದ್ದವನು. ಎಡಿಸನ್ನನಿಗೆ 5 ಲಕ್ಷ ಡಾಲರ್ ಒಪ್ಪಿಕೊಂಡು, ಗ್ರಾಫೊಫೋನಿನ ಮಾರಾಟದ ಹಕ್ಕನ್ನೂ ಸೇರಿಸಿಕೊಂಡು, 1888ರಲ್ಲಿ ನಾರ್ತ್ ಅಮೆರಿಕನ್ ಫೋನೋಗ್ರಾಫ್ ಕಂಪನಿ ಕಟ್ಟಿದ. ಅವನ ಲೆಕ್ಕಾಚಾರ ಟೆಲಿಫೋನ್ ಕಂಪನಿಯದು. ಯಂತ್ರ ಮಾರಬಾರದು, ಬಾಡಿಗೆಗೆ ಕೊಡಬೇಕು. ವರ್ಷಕ್ಕೆ 40 ಡಾಲರ್. ದೇಶವನ್ನು ಹಂಚಿಕೊಂಡ ಸುಮಾರು ಮೂವತ್ತು ಸಣ್ಣ ಕಂಪನಿಗಳು ತಮ್ಮ ತಮ್ಮ ಸೀಮೆಯಲ್ಲಿ ಬಾಡಿಗೆ ವಸೂಲಿ ಮಾಡಬೇಕು. ಗಿರಾಕಿ ಯಾರು? ಆಫೀಸಿನ ಸಾಹೇಬರು. ಅವರು ಯಂತ್ರಕ್ಕೆ ಪತ್ರ ಹೇಳುತ್ತಾರೆ, ಟೈಪಿಸ್ಟ್ ಕೇಳಿಕೊಂಡು ಟೈಪ್ ಮಾಡುತ್ತಾರೆ. ಶೀಘ್ರಲಿಪಿಯವರ ಕೆಲಸವೇ ಬೇಡ.

ನೆಲ ಕಚ್ಚಿತು. ಎಡಿಸನ್ನನ ಯಂತ್ರಕ್ಕೆ ಬ್ಯಾಟರಿ ಬೇಕು, ಅದು ಯಾವಾಗ ಕೈಕೊಡುತ್ತದೋ ಗೊತ್ತಿಲ್ಲ. ಗ್ರಾಫೊಫೋನನ್ನು ಹೊಲಿಗೆ ಮಿಷನ್ನಿನ ಹಾಗೆ ಕಾಲಲ್ಲಿ ತುಳಿಯಬೇಕು. ಒಂದರ ಉರುಳೆ ಇನ್ನೊಂದಕ್ಕೆ ಕೂರುವುದಿಲ್ಲ. ಸಾಲದ್ದಕ್ಕೆ, ಯಂತ್ರವನ್ನು ನಡೆಸಬೇಕಾದವರು ಯಾರ ಕೆಲಸವನ್ನು ಅದು ಕಿತ್ತುಕೊಳ್ಳುತ್ತದೋ ಅವರೇ! ಶೀಘ್ರಲಿಪಿಕಾರರು ಇದನ್ನು ತಲೆಮೇಲೆ ಹೊತ್ತು ಮೆರೆಸುತ್ತಾರೆ ಅಂತ ಲಿಪಿನ್‌ಕಾಟ್ ಹೇಗೆ ಅಂದುಕೊಂಡನೋ. 1890ರಲ್ಲಿ ಅವನಿಗೆ ಪಾರ್ಶ್ವವಾಯು ಬಡಿಯಿತು, 1894ರಲ್ಲಿ ಅವನೂ ಹೋದ, ಕಂಪನಿಯೂ ದಿವಾಳಿಯಾಯಿತು.

ಆದರೆ ಅಷ್ಟರಲ್ಲಿ ಪಶ್ಚಿಮ ಕರಾವಳಿಯಲ್ಲಿ ಒಂದು ಬೇರೆಯದೇ ಘಟನೆ ನಡೆದಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಸೀಮೆ ಲೂಯಿಸ್ ಗ್ಲಾಸ್ ಎಂಬವನ ಕಂಪನಿಯದು. ಆಫೀಸಿನವರು ಬಾಡಿಗೆಗೆ ತೆಗೆದುಕೊಳ್ಳದ ಒಂದು ಯಂತ್ರಕ್ಕೆ ಅವನು ಕಾಸು ಹಾಕುವ ಕಿಂಡಿ ಜೋಡಿಸಿ, 1889ರ ನವೆಂಬರ್ 23ರಂದು ಪ್ಯಾಲೈ ರಾಯಲ್ ಅನ್ನೋ ಬಾರಿನಲ್ಲಿ ಇಟ್ಟ. ಕಹಳೆ ಇಲ್ಲ, ಡಾಕ್ಟರ ಸ್ಟೆತಸ್ಕೋಪಿನ ಥರದ ನಾಲ್ಕು ಕೊಳವೆಗಳು. ಒಂದೊಂದಕ್ಕೂ ಬೇರೆ ಕಿಂಡಿ. ಹೀಗಾಗಿ ಒಂದೇ ಹಾಡು ಒಂದು ಸಲ ಓಡಿದರೆ ನಾಲ್ಕು ಜನರಿಂದ ಐದೈದು ಸೆಂಟು. ಆರು ತಿಂಗಳೊಳಗೆ ಆ ಒಂದು ಯಂತ್ರ ಸಾವಿರ ಡಾಲರಿಗಿಂತ ಜಾಸ್ತಿ ದುಡಿದಿತ್ತು. ವರ್ಷಕ್ಕೆ 40 ಡಾಲರ್ ಬಾಡಿಗೆ ವಸೂಲಿ ಮಾಡಲು ಹೆಣಗುತ್ತಿದ್ದವರ ಮುಂದೆ, 1890ರಲ್ಲಿ ಶಿಕಾಗೋದಲ್ಲಿ ಸೇರಿದ ಸಭೆಯಲ್ಲಿ ಗ್ಲಾಸ್ ಈ ಲೆಕ್ಕ ಒಪ್ಪಿಸಿದಾಗ ಅವರ ಮುಖಗಳನ್ನು ನೋಡಬೇಕಿತ್ತು ಅನ್ನಿಸುತ್ತದೆ. ಹಾಡಿನ ಕೊನೆಗೆ ಯಂತ್ರವೇ "ಹೋಗಿ ಒಂದು ಗುಟುಕು ಹಾಕಿ" ಅಂತ ಹೇಳುವ ಏರ್ಪಾಡೂ ಇತ್ತಂತೆ, ಬಾರಿನವನಿಗೂ ಖುಷಿ.

ಅಂದರೆ ಮೊದಲು ಲಾಭ ತಂದ ಸರಕು ಯಂತ್ರವೂ ಅಲ್ಲ, ರೆಕಾರ್ಡೂ ಅಲ್ಲ. ಎರಡು ನಿಮಿಷ ಕೇಳುವ ಅವಕಾಶ. ಎಡಿಸನ್ನನಿಗೆ ಇದು ಹಿಡಿಸಲಿಲ್ಲ. ಬಾರಿನಲ್ಲಿ ಕೂತರೆ ತನ್ನ ಯಂತ್ರವನ್ನು ಆಟದ ಸಾಮಾನು ಅಂದುಕೊಳ್ಳುತ್ತಾರೆ ಅನ್ನುವ ಚಿಂತೆ. (ಅದೇ ಹೊತ್ತಿಗೆ ಅವನೇ 10 ಡಾಲರಿನ ಮಾತಾಡುವ ಗೊಂಬೆ ಮಾರಲು ಹೋಗಿ ಕೈ ಸುಟ್ಟುಕೊಂಡ, ಅದು ಬೇರೆ ಮಾತು. ಆ ಗೊಂಬೆಗಳ ಹೊಟ್ಟೆಯ ಸಣ್ಣ ಉರುಳೆಗಳಿಗೂ ಕಾರ್ಖಾನೆಯ ಹುಡುಗಿಯರು ಒಂದೊಂದಕ್ಕೂ ಪದ್ಯ ಹೇಳಬೇಕಿತ್ತು.)

ಬಾರಿಗೆ ಬರುವವನು ಮೊನ್ನೆ ಕೇಳಿದ ಹಾಡನ್ನೇ ಇವತ್ತೂ ಕೇಳುವುದಿಲ್ಲ, ಹೊಸದು ಬೇಕು. ಹೀಗೆ ಉರುಳೆಗಳಿಗೆ ಬೇಡಿಕೆ ಶುರುವಾಯಿತು. ಇದನ್ನು ಚೆನ್ನಾಗಿ ಹಿಡಿದವರು ವಾಷಿಂಗ್ಟನ್ನಿನ ಕೊಲಂಬಿಯಾ ಕಂಪನಿಯವರು. ಅದನ್ನು ನಡೆಸುತ್ತಿದ್ದ ಎಡ್ವರ್ಡ್ ಈಸ್ಟನ್ ಸ್ವತಃ ಕೋರ್ಟಿನ ಶೀಘ್ರಲಿಪಿಕಾರನಾಗಿದ್ದವನು ಅನ್ನುವುದು ತಮಾಷೆ. ಊರಲ್ಲೇ ಇದ್ದ ಅಮೆರಿಕದ ಮರೀನ್ ಬ್ಯಾಂಡನ್ನು ಕೂರಿಸಿ ರೆಕಾರ್ಡ್ ಮಾಡಿಸಿದರು.

ಬ್ಯಾಂಡೇ ಯಾಕೆ? ಯಂತ್ರ ಕೇಳಿಸಿಕೊಳ್ಳುತ್ತಿದ್ದದ್ದು ಅದನ್ನೇ. ಮೈಕ್ ಇಲ್ಲದ ಕಾಲ. ಮುಳ್ಳು ಮೇಣವನ್ನು ಕೊರೆಯಲು ಬೇಕಾದ ಬಲವೆಲ್ಲ ದನಿಯಿಂದಲೇ ಬರಬೇಕು. ತುತ್ತೂರಿ, ಸಿಳ್ಳೆ, ಬ್ಯಾಂಜೋ, ಗಟ್ಟಿ ಗಂಡುದನಿ ಇವೆಲ್ಲ ಚೆನ್ನಾಗಿ ಮೂಡುತ್ತಿದ್ದವು. ಪಿಟೀಲು ಮಂಕಾಗುತ್ತಿತ್ತು, ಎಷ್ಟೆಂದರೆ ಆಮೇಲೆ ಸ್ಟ್ರೋ ಎಂಬವನು ಮರದ ಹೊಟ್ಟೆ ಕಿತ್ತುಹಾಕಿ ಕಹಳೆ ಜೋಡಿಸಿದ ಪಿಟೀಲನ್ನೇ ಮಾಡಿದ. ಹೆಣ್ಣುದನಿ ಮೊದಲಿಗೆ ಸರಿಯಾಗಿ ಹಿಡಿಯುತ್ತಿರಲಿಲ್ಲ. ತಾರಸ್ಥಾಯಿಗೆ ಹೋಗುವಾಗ ಹಾಡುವವರು ಹಿಂದೆ ಸರಿಯಬೇಕು, ಇಲ್ಲದಿದ್ದರೆ ಮುಳ್ಳು ಎಗರುತ್ತದೆ. ಈ ಅವಸ್ಥೆ 1925ರವರೆಗೂ ಇತ್ತು, ಆಗ ಕರೆಂಟಿನ ರೆಕಾರ್ಡಿಂಗ್ ಬಂತು. ಹಾಗಾಗಿ ಹಳೇ ರೆಕಾರ್ಡುಗಳನ್ನು ಕೇಳಿ "ಆ ಕಾಲದವರ ಅಭಿರುಚಿ ಇದು" ಅಂತ ತೀರ್ಪು ಕೊಡುವಾಗ ಸ್ವಲ್ಪ ತಡೆಯಬೇಕು. ಅರ್ಧ ಅಭಿರುಚಿ ಮುಳ್ಳಿನದು.

ಜಾರ್ಜ್ ಜಾನ್ಸನ್ ಆ ಮುಳ್ಳಿಗೆ ಹೇಳಿಮಾಡಿಸಿದ ಹಾಗಿದ್ದ. ಗಟ್ಟಿ ಗಂಟಲು, ಕೊರೆಯುವ ಸಿಳ್ಳೆ, ಐವತ್ತನೇ ಸಲವೂ ಮೊದಲನೇ ಸಲದಷ್ಟೇ ಮನಸಾರೆ ನಗುವ ಶಕ್ತಿ. ರೆಕಾರ್ಡ್ ಲೋಕದ ಮೊದಲ ಕಪ್ಪು ತಾರೆ ಅವನೇ. ಅವನು ಹಾಡುತ್ತಿದ್ದ ಹಾಡುಗಳು ಮಾತ್ರ ಅವನ ಜನರನ್ನೇ ಅಣಕಿಸುವಂಥವು, ಬಿಳಿಯರು ದುಡ್ಡು ಕೊಟ್ಟು ಕೇಳುತ್ತಿದ್ದದ್ದು ಅದನ್ನೇ. ಇವತ್ತು ಕೇಳುವಾಗ ಕಿವಿಗೆ ಚುಚ್ಚುತ್ತದೆ.

ಪ್ರತಿ ತೆಗೆಯುವ ಪ್ರಯತ್ನ ನಡೆದೇ ಇತ್ತು. ಒಂದು ಉರುಳೆ ಓಡುವಾಗ ಅದರ ಮುಳ್ಳಿಗೆ ಸನ್ನೆಕೋಲು ಕಟ್ಟಿ ಪಕ್ಕದ ಖಾಲಿ ಉರುಳೆಯನ್ನು ಕೊರೆಸುತ್ತಿದ್ದರು. ಪ್ರತಿ ಮಂಕು, ಮೂಲವೂ ಬೇಗ ಸವೆಯುತ್ತಿತ್ತು. ಅಚ್ಚು ಮಾಡಬಹುದಲ್ಲ? ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಪಡಿಗಳನ್ನು ನೆನಪಿಸಿಕೊಳ್ಳಿ. ಎರಡು ಹೋಳು ಬಿಚ್ಚಿದರೆ ಗೊಂಬೆ ಹೊರಗೆ, ಆದರೆ ಹೋಳು ಕೂಡಿದ ಜಾಗದಲ್ಲಿ ಒಂದು ಗೆರೆ ಉಳಿಯುತ್ತದೆ. ಸಕ್ಕರೆ ಆನೆಗೆ ಗೆರೆ ಇದ್ದರೆ ಏನಂತೆ, ಉರುಳೆಗೆ ಇದ್ದರೆ ಪ್ರತಿ ಸುತ್ತಿಗೂ ಟಕ್ ಟಕ್ ಅನ್ನುತ್ತದೆ. ಅಚ್ಚನ್ನು ಹೋಳು ಮಾಡದೆ ಕೊಳವೆಯಾಗಿಯೇ ಇಟ್ಟರೆ ಒಳಗಿನ ಉರುಳೆ ಹೊರಗೆ ಬರುವುದು ಹೇಗೆ, ಗೀರುಗಳೆಲ್ಲ ಕಚ್ಚಿಕೊಂಡಿರುತ್ತವೆ. ಎಡಿಸನ್ನನವರು ಕೊನೆಗೆ ಮೂಲ ಉರುಳೆಯ ಮೇಲೆ ಚಿನ್ನದ ಆವಿಯ ತೆಳು ಲೇಪ ಕೊಟ್ಟು, ಅದರ ಮೇಲೆ ಲೋಹ ಕಟ್ಟಿ ಅಚ್ಚು ತಯಾರಿಸಿದರು. ಆಮೇಲೆ ಅದರೊಳಗೆ ಎರೆದ ಮೇಣ ಆರುವಾಗ ಸ್ವಲ್ಪ ಕುಗ್ಗುತ್ತದಲ್ಲ, ಆ ಕುಗ್ಗಿದ ಸಂದಿನಲ್ಲಿ ಅದನ್ನು ಜಾರಿಸಿ ತೆಗೆದರು. ನನ್ನ ಮಟ್ಟಿಗೆ ಇಡೀ ಕಥೆಯಲ್ಲೇ ಜಾಣ ಉಪಾಯ ಇದು. ಇದು ಮಾರುಕಟ್ಟೆಗೆ ಬಂದದ್ದು 1902ರಲ್ಲಿ.

ಅಲ್ಲಿಂದ ಒಬ್ಬ ಗಾಯಕ ಒಂದು ಸಲ ಹಾಡಿದರೆ ಸಾಕಾಯಿತು. ಜಾನ್ಸನ್ನನ 20 ಸೆಂಟಿನ ಕೂಲಿ ಅಲ್ಲಿಗೆ ನಿಂತಿತು. ಅವನು ಕೊನೆಗಾಲದಲ್ಲಿ ಲೆನ್ ಸ್ಪೆನ್ಸರ್ ಎಂಬ ಇನ್ನೊಬ್ಬ ರೆಕಾರ್ಡ್ ಗಾಯಕನ ಆಫೀಸಿನ ಬಾಗಿಲು ಕಾಯುತ್ತಿದ್ದ. 1914ರಲ್ಲಿ ತೀರಿಕೊಂಡ.

ಆದರೆ ಎಡಿಸನ್ ತಡಮಾಡಿದ್ದ. ಎಮಿಲ್ ಬರ್ಲಿನರ್ 1887ರಲ್ಲೇ ಉರುಳೆಯನ್ನು ಬಿಟ್ಟು ತಟ್ಟೆ ಹಿಡಿದಿದ್ದ. ಜರ್ಮನಿಯ ಹ್ಯಾನೋವರ್‌ನಿಂದ ಅಮೆರಿಕಕ್ಕೆ ಬಂದವನು. ಚಪ್ಪಟೆ ತಟ್ಟೆಯಾದರೆ ಅಚ್ಚಿನ ರಗಳೆಯೇ ಇಲ್ಲ, ನಿಪ್ಪಟ್ಟು ಒತ್ತಿದ ಹಾಗೆ ಒತ್ತಿಬಿಡಬಹುದು. ಅವನ ಮುಳ್ಳು ಮೇಲೆ ಕೆಳಗೆ ಕುಣಿಯುವುದಿಲ್ಲ, ಅಕ್ಕಪಕ್ಕ ಹಾವಿನ ಹಾಗೆ ಹರಿಯುತ್ತದೆ. ಸತುವಿನ ತಟ್ಟೆಗೆ ಮೇಣದ ತೆಳು ಪದರ ಹಚ್ಚಿ, ಮುಳ್ಳು ಗೀರಿದ ಜಾಗವನ್ನು ಆಮ್ಲದಿಂದ ತಿನ್ನಿಸಿ, ಅದರಿಂದ ಲೋಹದ ಪಡಿಯಚ್ಚು ಮಾಡಿ, ಗಟ್ಟಿ ರಬ್ಬರಿನ ಮೇಲೆ ಒತ್ತುತ್ತಿದ್ದ. ರಬ್ಬರ್ ಎಲ್ಲ ಕಡೆ ಸಮವಾಗಿ ಕೂರುತ್ತಿರಲಿಲ್ಲ, ನಡುವೆ ಸೊಟ್ಟ. ಆಗ ನ್ಯೂಜೆರ್ಸಿಯ ನ್ಯೂವಾರ್ಕಿನ ಒಂದು ಗುಂಡಿ ಮಾಡುವ ಕಂಪನಿ ನೆರವಿಗೆ ಬಂತು, ಅಂಗಿಗೆ ಹಾಕುವ ಗುಂಡಿ. ಅವರ ಗುಂಡಿಯ ಸರಕು ಅರಗು. ಅರಗಿಗೆ ಕಲ್ಲುಪುಡಿ, ಮಸಿ, ಹತ್ತಿಯ ನಾರು ಕಲಸಿ ಬಿಸಿಯಲ್ಲಿ ಒತ್ತಿದರೆ ಗೀರು ಗೀರಾಗಿಯೇ ಕೂರುತ್ತದೆ. ನಮ್ಮ ಹಿರಿಯರು ಪ್ಲೇಟು ಅನ್ನುತ್ತಿದ್ದ ಕರಿ ತಟ್ಟೆ, ಕೈತಪ್ಪಿ ಬಿದ್ದರೆ ಹಂಚಿನ ಹಾಗೆ ಒಡೆಯುತ್ತಿತ್ತಲ್ಲ, ಅದು ಇದೇ. ಪಾಂಡವರ ಅರಗಿನ ಮನೆಯ ಅರಗೇ. ಮರದ ರೆಂಬೆಗಳ ಮೇಲೆ ಹುಳುಗಳು ಕಟ್ಟುವ ಅಂಟು, ಆ ಕಾಲದಲ್ಲಿ ಅದು ಹೆಚ್ಚಾಗಿ ಹೋಗುತ್ತಿದ್ದದ್ದು ಭಾರತದಿಂದ, ಛೋಟಾನಾಗಪುರದ ಕಾಡುಗಳ ಕಡೆಯಿಂದ.

ಬರ್ಲಿನರನ ಗ್ರಾಮಫೋನಿಗೆ ಇನ್ನೊಂದು ತೊಡಕಿತ್ತು. ಕೈಯಲ್ಲಿ ತಿರುಗಿಸಬೇಕು, ಕೈ ನಿಧಾನವಾದರೆ ಶ್ರುತಿ ಇಳಿಯಿತು. ಕ್ಯಾಮ್ಡನ್ ಊರಿನ ಎಲ್ಡ್ರಿಜ್ ಜಾನ್ಸನ್ (ನಮ್ಮ ಜಾರ್ಜ್‌ಗೂ ಇವನಿಗೂ ಸಂಬಂಧವಿಲ್ಲ) ಕೀ ಕೊಟ್ಟರೆ ಓಡುವ ಸ್ಪ್ರಿಂಗ್ ಮೋಟರ್ ಮಾಡಿಕೊಟ್ಟ, 1896ರಲ್ಲಿ. ಅದೇ ಹೊತ್ತಿಗೆ ಉರುಳೆಯ ಯಂತ್ರಗಳಿಗೂ ಸ್ಪ್ರಿಂಗ್ ಬಂತು, ಬೆಲೆ 10 ಡಾಲರಿಗೆ ಇಳಿಯಿತು, ಯಂತ್ರ ಬಾರಿನಿಂದ ಮನೆಗೆ ನಡೆಯಿತು. ಆಮೇಲಿನದು ವಕೀಲರ ಕಾಲ. ಪೇಟೆಂಟ್ ಜಗಳದಲ್ಲಿ 1900ರಲ್ಲಿ ಬರ್ಲಿನರ್‌ಗೇ ಅಮೆರಿಕದಲ್ಲಿ ಮಾರಾಟಕ್ಕೆ ಕೋರ್ಟ್ ತಡೆ ಬಿತ್ತು, ಧೂಳು ಅಡಗುವಷ್ಟರಲ್ಲಿ ಜಾನ್ಸನ್ನನ ವಿಕ್ಟರ್ ಕಂಪನಿ ಎದ್ದು ನಿಂತಿತ್ತು, 1901ರಲ್ಲಿ.

ಉರುಳೆಗೂ ತಟ್ಟೆಗೂ ಇದ್ದ ನಿಜವಾದ ವ್ಯತ್ಯಾಸ ಆಕಾರದ್ದಲ್ಲ. ಉರುಳೆಯ ಯಂತ್ರದಲ್ಲಿ ನೀವೂ ರೆಕಾರ್ಡ್ ಮಾಡಬಹುದಿತ್ತು. ಖಾಲಿ ಮೇಣ ತಂದು ಮಗುವಿನ ತೊದಲು, ಅಜ್ಜಿಯ ಹಾಡು ಹಿಡಿದಿಡಬಹುದಿತ್ತು, ಬೇಡವಾದರೆ ಹೆರೆದು ಮತ್ತೆ ಬಳಸಬಹುದಿತ್ತು. ತಟ್ಟೆಯಲ್ಲಿ ಅದಿಲ್ಲ. ಕಂಪನಿ ಒತ್ತಿಕೊಟ್ಟದ್ದನ್ನು ಸುಮ್ನೆ ಕೇಳಬೇಕು. ತಟ್ಟೆ ಗೆದ್ದದ್ದರಿಂದ ಮನೆಯವರು ಕೇಳುಗರಾಗಿ ಉಳಿದರು.

ಕಹಳೆಯ ಮುಂದೆ ಕತ್ತು ಓರೆ ಮಾಡಿ ಕೂತ ನಾಯಿಯ ಚಿತ್ರ ನೋಡದವರು ಯಾರಿದ್ದಾರೆ? ಫ್ರಾನ್ಸಿಸ್ ಬರೋ ಎಂಬ ಇಂಗ್ಲಿಷ್ ಚಿತ್ರಕಾರ ಬರೆದದ್ದು, ಹೆಸರು "ಹಿಸ್ ಮಾಸ್ಟರ್ಸ್ ವಾಯ್ಸ್", ಅಂದರೆ ಯಜಮಾನನ ದನಿ. ಅವನು ಮೊದಲು ಬರೆದಿದ್ದು ಉರುಳೆಯ ಫೋನೋಗ್ರಾಫಿನ ಮುಂದೆ ಕೂತ ನಾಯಿಯನ್ನು. 1899ರಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯವರು ಯಂತ್ರ ಬದಲಿಸಿ ಬರೆದರೆ ಕೊಳ್ಳುತ್ತೇವೆ ಅಂದರು, ಚಿತ್ರಕ್ಕೂ ಹಕ್ಕಿಗೂ ಸೇರಿ 100 ಪೌಂಡ್ ಕೊಟ್ಟರು, ಅವನು ಅದರ ಮೇಲೇ ತಟ್ಟೆಯ ಯಂತ್ರ ಬರೆದ. ಈಗ ಯೋಚಿಸಿ ನೋಡಿ. ನಾಯಿ ತನ್ನ ಯಜಮಾನನ ದನಿ ಕೇಳಬೇಕಾದರೆ ಆ ಯಜಮಾನ ಮನೆಯಲ್ಲಿ ರೆಕಾರ್ಡ್ ಮಾಡಿರಬೇಕು. ಅದು ಉರುಳೆಯಲ್ಲಿ ಸಾಧ್ಯವಿತ್ತು, ಚಿತ್ರದಲ್ಲಿರುವ ಯಂತ್ರದಲ್ಲಿ ಅಲ್ಲ!

ತಟ್ಟೆಗೆ ಬೇಕಾದದ್ದು ಊರಿಗೆಲ್ಲ ಗೊತ್ತಿರುವ ಹೆಸರು. ಒಂದೇ ಅಚ್ಚಿನಿಂದ ಸಾವಿರಾರು ಪ್ರತಿ ತೆಗೆಯಬಹುದು ಅಂದಮೇಲೆ ಒಂದು ಸಲ ಹಾಡುವವರಿಗೆ ಎಷ್ಟು ಕೊಟ್ಟರೂ ಗಿಟ್ಟುತ್ತದೆ. 1902ರ ಏಪ್ರಿಲ್‌ನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಮಿಲಾನಿನ ಹೋಟೆಲೊಂದರಲ್ಲಿ ಕರೂಸೊ ಎಂಬ ಆಪೆರಾ ಗಾಯಕನಿಂದ ಹತ್ತು ಹಾಡು ಹಾಡಿಸಿದ, ಸಂಭಾವನೆ 100 ಪೌಂಡ್. ಜಾರ್ಜ್ ಜಾನ್ಸನ್ನನ 20 ಸೆಂಟಿನ ಪಕ್ಕ ಇದನ್ನಿಟ್ಟು ನೋಡಿ. ಎಡಿಸನ್ನನಿಗೆ ಈ ಹೆಸರಿನ ವ್ಯಾಪಾರ ಅರ್ಥವೇ ಆಗಲಿಲ್ಲ. ಕಿವಿ ಮಂದವಾಗಿದ್ದ ಅವನು ಯಾರ ಹಾಡು ಒಳ್ಳೆಯದು ಅಂತ ತಾನೇ ಆರಿಸುತ್ತಾ ಕೂತ, ಯಂತ್ರದ ಗುಣವೇ ಮಾರುತ್ತದೆ ಅಂತ ನಂಬಿದ, 1929ರಲ್ಲಿ ರೆಕಾರ್ಡ್ ವ್ಯಾಪಾರ ಮುಚ್ಚಿದ.

ಅದೇ ಗೈಸ್‌ಬರ್ಗ್ 1902ರ ಕೊನೆಗೆ ಹಡಗು ಹತ್ತಿ ಕಲ್ಕತ್ತಾಗೆ ಬಂದ. ಕೆಲವೇ ವಾರಗಳಲ್ಲಿ ಐನೂರಕ್ಕೂ ಹೆಚ್ಚು ರೆಕಾರ್ಡಿಂಗ್ ಮಾಡಿಕೊಂಡ. ಅವುಗಳಲ್ಲಿ ಕಲ್ಕತ್ತಾದ ಹೆಸರಾಂತ ಗಾಯಕಿ ಗೌಹರ್ ಜಾನ್ ಅವರದೂ ಇದ್ದವು. ಆಗ ಭಾರತದಲ್ಲಿ ಪ್ಲೇಟು ಒತ್ತುವ ಕಾರ್ಖಾನೆ ಇಲ್ಲ, 1908ರಲ್ಲಿ ಕಲ್ಕತ್ತಾದಲ್ಲಿ ಶುರುವಾಗುವವರೆಗೂ ಮೇಣದ ಮೂಲಗಳು ಹಡಗಿನಲ್ಲಿ ಹ್ಯಾನೋವರ್‌ಗೆ ಹೋಗಬೇಕು. ಛೋಟಾನಾಗಪುರದ ಅರಗೂ ಅಲ್ಲಿಗೆ ಹೋಗಿ, ಕಲ್ಕತ್ತಾದ ಹಾಡು ಹೊತ್ತುಕೊಂಡು, ವಾಪಸ್ ಬಂದು, ನಮಗೇ ಮಾರಾಟ. ಜರ್ಮನಿಯ ಕೆಲಸಗಾರರಿಗೆ ಯಾವ ಮೇಣ ಯಾರದ್ದು ಅಂತ ಹೇಗೆ ಗೊತ್ತಾಗಬೇಕು? ಅದಕ್ಕೇ ಹಾಡಿನ ಕೊನೆಗೆ ಹೆಸರು ಹೇಳುವ ರೂಢಿ. "ಮೈ ನೇಮ್ ಈಸ್ ಗೌಹರ್ ಜಾನ್" ಅಂತ ಆಕೆ ಇಂಗ್ಲಿಷಿನಲ್ಲಿ ಠೀವಿಯಿಂದ ಹೇಳುವುದನ್ನು ಇವತ್ತೂ ಕೇಳಬಹುದು. ಒಂದು ಗಂಟೆ ಬೆಳೆಸುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸಿ, ಕೊನೆಗೆ ಹೆಸರು ಹೇಳುವಷ್ಟು ಜಾಗವನ್ನೂ ಉಳಿಸಿಕೊಳ್ಳುವುದು ಸಣ್ಣ ವಿದ್ಯೆ ಏನಲ್ಲ.

ದುಡ್ಡಿನ ಪಾಲು ಯಾರಿಗೆ ಅನ್ನುವ ಪ್ರಶ್ನೆ ತಡವಾಗಿ ಎದ್ದಿತು. ಅಮೆರಿಕದಲ್ಲಿ, ಹಿಂದೆ ಮರೀನ್ ಬ್ಯಾಂಡಿನ ನಾಯಕನಾಗಿದ್ದ ಸೂಸಾ ಈ ಡಬ್ಬದ ಸಂಗೀತದ ಮೇಲೆ ಹರಿಹಾಯ್ದ, ನಾವು ಕಟ್ಟಿದ ಹಾಡನ್ನು ಮಾರಿ ನಮಗೇ ಕಾಸು ಕೊಡುವುದಿಲ್ಲ ಅಂತ. 1909ರ ಕಾಯಿದೆ ಪ್ರತಿಯೊಂದಕ್ಕೆ 2 ಸೆಂಟು ಗೊತ್ತುಮಾಡಿತು. ಅದು ಹಾಡು ಕಟ್ಟಿದವರಿಗೆ. ಹಾಡಿದವರಿಗೆ ಆ ಕಾಯಿದೆಯಲ್ಲಿ ಏನೂ ಇರಲಿಲ್ಲ, ಕರೂಸೊನಂಥವರು ಕಂಪನಿಯ ಜೊತೆ ಕರಾರು ಮಾಡಿಕೊಂಡು ಪಾಲು ಪಡೆದರು, ಉಳಿದವರು ಹಾಡಿದ ದಿನದ ಸಂಭಾವನೆ ತೆಗೆದುಕೊಂಡು ಮನೆಗೆ ಹೋದರು.

ಗೌಹರ್ ಜಾನ್ ಕೊನೆಗೆ ಬಂದದ್ದು ಮೈಸೂರಿಗೆ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರನ್ನು ಅರಮನೆಯ ಸಂಗೀತಗಾರ್ತಿಯಾಗಿ ನೇಮಿಸಿದರು. ಪ್ಲೇಟುಗಳಿಂದ ದೇಶಕ್ಕೆಲ್ಲ ಹೆಸರಾಗಿದ್ದವರು ಇಲ್ಲಿ ತಿಂಗಳ ಸಂಬಳಕ್ಕೆ ಹಾಡಿದರು, ಹಳೆಯ ಪದ್ಧತಿಯಲ್ಲಿ, ಎದುರಿಗೆ ಕೂತವರಿಗೆ. 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು.